ಮೂವತ್ತೆರಡಕ್ಕೆ ಅಳುವ ಫ್ಯಾನು

ದೇವರು ಕಬ್ಬಿಣಕ್ಕೂ ಒಂದೊಂದು ದನಿ ಕೊಟ್ಟಿದ್ದಾನೆ. ಆ ಗೇರುಬೀಜದ ಕಾರ್ಖಾನೆಯ ದೊಡ್ಡ ಫ್ಯಾನಿಗೆ ಮಾತ್ರ ಹೆಂಗಸಿನ ಅಳು ಕೊಟ್ಟಿದ್ದ. ಬಿಸಿಲಿಳಿದಾಗ ವೇಗ ಇಳಿಸಿದರೆ ಸಾಕು, ಅದು ಸಣ್ಣಗೆ ಗೋಳಿಡುತ್ತಿತ್ತು. ಬೀಜ ಸುಲಿಯುವವರು ಕೆಲಸ ಬಿಟ್ಟು ಎದ್ದುಬಿಡುತ್ತಿದ್ದರು.

ಧಣಿ ಪದ್ಮನಾಭಯ್ಯ ಫ್ಯಾನ್ ನೋಡಿಕೊಳ್ಳುವ ಕಮಲಾಕ್ಷಿಯ ಮೇಲೆ ಹರಿಹಾಯ್ದರು. "ನೀನು ಬಂದ ಮೇಲೇ ಈ ಪ್ರೇತ ಬಂದದ್ದು. ನಿನ್ನ ಕೈಗುಣ ಸರಿಯಿಲ್ಲ. ಇವತ್ತೇ ಹೊರಡು!"

ಕಮಲಾಕ್ಷಿ ದೇವರನ್ನು ನೆನೆದಳು. ಅವಳು ಕೆಲಸಕ್ಕೆ ಸೇರಿದಾಗಲೇ ಕಾರ್ಖಾನೆಗೆ ಬಂದದ್ದು ಇನ್ನೊಂದಿತ್ತು: ಮೋಟರಿನ ವೇಗ ಏರಿಳಿಸುವ ಡ್ರೈವ್ ಪೆಟ್ಟಿಗೆ.

"ಹೋಗ್ತೇನೆ ಧಣಿ. ಒಮ್ಮೆ ನೀವೇ ಈ ಗುಂಡಿ ತಿರುಗಿಸಿ. ನಿಮ್ಮ ಕೈ ಒಳ್ಳೆಯದಲ್ವಾ?"

ಧಣಿ ತಿರುಗಿಸಿದರು. ಪೆಟ್ಟಿಗೆಯ ಮೇಲೆ ವೇಗದ ಅಂಕಿ ಮೂವತ್ತಮೂರಕ್ಕೆ ಇಳಿಯಿತು, ಅಳುವಿಲ್ಲ. ಮೂವತ್ತೆರಡಾಯಿತು, ಫ್ಯಾನಿನ ತಗಡೆಲ್ಲ ನಡುಗಿ ಗೋಳು ಎದ್ದಿತು. ಧಣಿ ಕೈಯನ್ನು ಹಿಂದಕ್ಕೆಳೆದು ಜೇಬಿಗೆ ತುರುಕಿದರು.

"ಅಯ್ಯೋ, ನಿಮ್ಮ ಕೈಗೂ ಅಳ್ತದಲ್ಲ! ಇನ್ನು ಇಬ್ಬರೂ ಒಟ್ಟಿಗೇ ಹೊರಡುವುದಾ?"

"ಬಾಯಿ ಮುಚ್ಚು ಮಾರಾಯ್ತಿ! ಉಪಾಯ ಇದ್ರೆ ಹೇಳು."

"ಆ ವೇಗಕ್ಕೆ ತಗಡು ನಡುಗ್ತದೆ, ಅಷ್ಟೇ. ಅಲ್ಲಿ ನಿಲ್ಲದೆ ದಾಟಿಬಿಡು ಅಂತ ಡ್ರೈವಿಗೇ ಹೇಳಿಡಬಹುದು."

ಹೇಳಿಟ್ಟಳು. ಗೋಳು ನಿಂತಿತು, ಕೆಲಸ ಉಳಿಯಿತು. ಆದರೂ ದಿನಾ ಬೆಳಿಗ್ಗೆ ಫ್ಯಾನ್ ವೇಗ ಹಿಡಿಯುತ್ತ ಆ ಅಂಕಿ ದಾಟುವಾಗ ಒಂದು ನಿಟ್ಟುಸಿರು ಕೇಳುತ್ತದೆ. ಕಮಲಾಕ್ಷಿ ಕೈಮುಗಿಯುತ್ತಾಳೆ. ಧಣಿ ಮಾತ್ರ ಆಗ ತಮ್ಮ ಕೈಯನ್ನು ಜೇಬಿನಿಂದ ತೆಗೆಯುವುದೇ ಇಲ್ಲ.