ಅಳತೆಯ ಸರಪಳಿ, ಗೌಡರ ಹೋರಿ

ಪಟೇಲ ರುದ್ರೇಗೌಡರದ್ದು ಕಟ್ಟಿದ ಕಡೆ ನಿಲ್ಲದ ಹೋರಿ. ಆ ಸಂಜೆಯೂ ಹಗ್ಗ ಕಿತ್ತುಕೊಂಡು ಬಂತು. ಗೌಡರ ಕಣ್ಣು ಜಗಲಿಯಲ್ಲಿದ್ದ, ಹೊಲ ಅಳೆಯುವ ಸರ್ವೆ ಸರಪಳಿಯ ಮೇಲೆ ಬಿತ್ತು.

"ಲೋ, ಅದನ್ನ ಇತ್ಲಾಗೆ ಕೊಡೋ. ಹೋರಿ ಕಟ್ಬೇಕು."

ಕೊಂಡಿಗಳಿಗೆ ಎಣ್ಣೆ ಸವರುತ್ತಿದ್ದ ಸರ್ವೆ ಜವಾನ ಸಣ್ಣೀರ ಕೈ ನಿಲ್ಲಿಸಿ ತಲೆಯೆತ್ತಿದ. ಸರಪಳಿ ಕೆಟ್ಟರೆ ಕೆಲಸ ಹೋಗುತ್ತದೆ. ಕೊಡೋಲ್ಲ ಅಂದರೆ ಗೌಡರು ಬಿಟ್ಟಾರೆಯೇ?

"ಧಾರಾಳವಾಗಿ ತಗೊಳ್ಳಿ ಗೌಡ್ರೇ. ಹೋರಿ ಎಳೆದಷ್ಟೂ ಸರಪಳಿ ಉದ್ದ ಆಗ್ತದೆ. ಅದು ಉದ್ದ ಆದಷ್ಟೂ ಅಳತೇಲಿ ಹೊಲ ಕಮ್ಮಿ ಬರ್ತದೆ. ನಾಳೆ ಅಳೆದು ಮಾರೋದು ನಿಮ್ಮ ಹೊಲಾನೇ ಅಲ್ವಾ?"

ಗೌಡರು ಚಾಚಿದ ಕೈ ಹಿಂದಕ್ಕೆಳೆದುಕೊಂಡರು. ಸಣ್ಣೀರ ಮತ್ತೆ ಎಣ್ಣೆ ಸವರತೊಡಗಿದ.

ಬೆಳಿಗ್ಗೆ ಸರ್ವೆಯರ್ ಬಂದಾಗ ಸರಪಳಿ ಗೌಡರ ಹಾಸಿಗೆಯಲ್ಲಿ ಶಾಲು ಹೊದ್ದು ಮಲಗಿತ್ತು. ಗೌಡರು ಕೊಟ್ಟಿಗೆಯಲ್ಲಿ ಹೋರಿಯ ಮೂಗುದಾರ ಹಿಡಿದು ತೂಕಡಿಸುತ್ತಿದ್ದರು.