ಗುಡಿಯ ಮಗ್ಗ

"ಕಲ್ಲಿನ ದೇವಿಗೆ ಚಳಿಯಾಗುತ್ತದೆಯೇ, ಗುರುಗಳೇ? ವರ್ಷಕ್ಕೊಂದು ಹೊಸ ವಸ್ತ್ರ ಏಕೆ ಬೇಕು?" ಎಂದು ಶಿಷ್ಯ ಕೇಳಿದ. ಓದಿಕೊಂಡವನು, ಪ್ರಶ್ನೆಯಲ್ಲಿ ತುಸು ನಗುವೂ ಇತ್ತು.

ಗುರುಗಳು ಆ ನಗುವನ್ನು ಕಾಣದವರಂತೆ ಕತೆ ತೆಗೆದರು.

ಹಿಂದೆ ಯವನರ ನಾಡಿನಲ್ಲಿ, ಕಡಲ ಪಕ್ಕದಲ್ಲಿ ಒಂದು ಊರಿತ್ತು. ಗುಡ್ಡದ ಮೇಲೆ ಆಲಿವ್ ಬೆಳೆಯುವವರ ಮೇಲುಕೇರಿ, ದಂಡೆಯಲ್ಲಿ ಮೀನು ಹಿಡಿಯುವವರ ಕೆಳಕೇರಿ. ಒಂದು ಕಾಲಕ್ಕೆ ಅವು ಎರಡು ಊರುಗಳು. ಹಾವು ಮುಂಗುಸಿಯಂತೆ ಕಾದಾಡಿ ಸುಸ್ತಾದ ಮೇಲೆ ಒಂದಾಗಿದ್ದವು. ಒಂದಾದಾಗ ಹಿರಿಯರು ನಡುವೆ ದೇವಿಗೊಂದು ಗುಡಿ ಕಟ್ಟಿ, ಎರಡು ಕೇರಿಗಳ ಕಡೆಗೂ ಒಂದೊಂದು ಬಾಗಿಲಿಟ್ಟರು. ದೇವಿಯ ವಸ್ತ್ರವನ್ನು ಪ್ರತಿ ವರ್ಷ ಗುಡಿಯೊಳಗೇ ನೇಯಬೇಕೆಂದು ಕಟ್ಟಳೆ ಮಾಡಿದರು. ಮಗ್ಗವನ್ನು ಎಷ್ಟು ಅಗಲ ಮಾಡಿಸಿದರೆಂದರೆ, ಒಬ್ಬಳ ಕೈ ಇನ್ನೊಂದು ಅಂಚಿಗೆ ಎಟುಕದು. ಮೇಲುಕೇರಿಯವಳು ತಳ್ಳಿದ ಲಾಳಿಯನ್ನು ಕೆಳಕೇರಿಯವಳು ಹಿಡಿದು ಮರಳಿಸಬೇಕು.

ಮೇಲುಕೇರಿಯ ಒಬ್ಬಳು ನೇಯ್ಗೆಯವಳು ಹಾಗೆ ನೇಯುತ್ತಲೇ ತಲೆ ನರೆಸಿಕೊಂಡಿದ್ದಳು. ಆಚೆ ಅಂಚಿನಲ್ಲಿ ನಿಲ್ಲುತ್ತಿದ್ದವಳು ಕೆಳಕೇರಿಯ ಕುಂಬಾರಗಿತ್ತಿ. ಕೈ ಆಡುವಾಗ ಬಾಯಿ ಸುಮ್ಮನಿರುತ್ತದೆಯೇ? ಯಾರ ಆಡು ಯಾರ ತೋಟಕ್ಕೆ ನುಗ್ಗಿತು, ಯಾರ ಮಗುವಿಗೆ ಜ್ವರ, ಎಲ್ಲವೂ ಲಾಳಿಯ ಜೊತೆಗೇ ಓಡಾಡುತ್ತಿತ್ತು. ಆ ಮಾತಿನಲ್ಲೇ ಸಂಬಂಧ ಕುದುರಿ, ನೇಯ್ಗೆಯವಳ ಒಬ್ಬಳೇ ಮಗಳು ಕೆಳಕೇರಿಗೆ ಸೊಸೆಯಾಗಿ ಹೋದಳು.

ಆಮೇಲೆ ಒಬ್ಬ ವರ್ತಕ ಕಡಲು ದಾಟಿ ಬಂದ. ದೂರದ ಪಟ್ಟಣದ ಜರಿಯ ವಸ್ತ್ರವನ್ನು ದೇವಿಗೆ ಒಪ್ಪಿಸಿ, ಇನ್ನು ಪ್ರತಿ ವರ್ಷವೂ ತನ್ನದೇ ಸೇವೆ ಎಂದ. ಹಿರಿಯರು ಹಿರಿಹಿರಿ ಹಿಗ್ಗಿದರು.

"ಹಾಗಾದರೆ ಮಗ್ಗ?" ಎಂದು ನೇಯ್ಗೆಯವಳು ಕೇಳಿದಳು.

"ಅಮ್ಮಾ, ನಿನ್ನ ಒರಟು ಉಣ್ಣೆ ಉಟ್ಟು ದೇವಿಗೂ ಸಾಕಾಗಿದೆ. ಮನೆಯಲ್ಲಿ ಕಾಲು ಚಾಚಿ ಕೂತಿರು" ಎಂದು ವರ್ತಕ ನಕ್ಕ.

ಮಂಡಿನೋವಿನ ಹೆಂಗಸು, ಅವಳಿಗೂ ಒಳಗೊಳಗೇ ಹಿತವೆನಿಸಿತು. ಮಗ್ಗ ಬಿಚ್ಚಿ ಗುಡಿಯ ಮೂಲೆಗೆ ಒರಗಿಸಿದರು.

ಕೆಲವು ವರ್ಷ ಕಳೆದವು. ಒಂದು ಬೇಸಿಗೆಯಲ್ಲಿ, ಮೇಲುಕೇರಿಯಿಂದ ಇಳಿಯುವ ಕಾಲುವೆಯಲ್ಲಿ ನೀರು ಬರುವುದು ನಿಂತಿತು. ಕಟ್ಟೆ ಕುಸಿದಿತ್ತು, ಸರಿಮಾಡಲೆಂದು ಒಂದು ದಿನದ ಮಟ್ಟಿಗೆ ತಡೆದಿದ್ದರು. ಅದನ್ನು ಕೆಳಕೇರಿಗೆ ಹೇಳುವವರೇ ಇರಲಿಲ್ಲ. ಬೇಕೆಂದೇ ನಿಲ್ಲಿಸಿದ್ದಾರೆ ಎಂದುಕೊಂಡು ಅವರು ಬಡಿಗೆ ಹಿಡಿದು ಬಂದರು. ತಲೆಗಳು ಒಡೆದವು. ಕೇರಿಗಳ ನಡುವೆ ಮುಳ್ಳುಬೇಲಿ ಎದ್ದಿತು. ಗುಡಿಯ ಎರಡು ಬಾಗಿಲಿಗೂ ಕಾವಲು ಕೂತಿತು. ಪೂಜೆಗೆ ಒಳಗೆ ಬರಬಹುದು, ಆಚೆ ಬಾಗಿಲು ದಾಟುವಂತಿಲ್ಲ.

ನೇಯ್ಗೆಯವಳ ಮಗಳು ಆಗ ದಿನ ತುಂಬಿದ ಬಸುರಿ. ತಾಯಿ ಹಿರಿಯರ ಕಾಲಿಗೆ ಬಿದ್ದಳು. ಅವರು ಬಿಡಲಿಲ್ಲ.

ಅವಳು ಗುಡಿಗೆ ಹೋಗಿ ಹಳೆಯ ಮಗ್ಗವನ್ನು ಎಳೆದು ನಿಲ್ಲಿಸಿದಳು. ಹಾಸುನೂಲು ಕಟ್ಟಿ ಲಾಳಿ ತಳ್ಳಿದಳು. ಹಿಡಿಯುವವರಿಲ್ಲದೆ ಅದು ನೆಲಕ್ಕೆ ಬಿತ್ತು. ಸುತ್ತಿ ಹೋಗಿ ಎತ್ತಿ ತಂದು ಮತ್ತೆ ತಳ್ಳಿದಳು, ಮತ್ತೆ ಬಿತ್ತು. ಮುದುಕಿಗೆ ಅರಳುಮರಳು ಎಂದು ಎರಡೂ ಕಡೆಯ ಕಾವಲುಗಾರರು ಆಡಿಕೊಂಡರು. ಅವಳು ಮರುದಿನವೂ ಬಂದಳು, ಅದರ ಮರುದಿನವೂ ಬಂದಳು.

ಒಂದು ಬೆಳಿಗ್ಗೆ ಲಾಳಿ ಬಿದ್ದ ಸದ್ದು ಕೇಳಿಸಲಿಲ್ಲ. ಆಚೆ ಅಂಚಿನಲ್ಲಿ ಕುಂಬಾರಗಿತ್ತಿ ನಿಂತಿದ್ದಳು. ಮುಖದ ಸಿಟ್ಟು ಇನ್ನೂ ಇಳಿದಿರಲಿಲ್ಲ. ಲಾಳಿಯನ್ನು ಮರಳಿ ತಳ್ಳಿ, "ನಿನ್ನ ಮಗಳು ಹೆತ್ತಳು. ಹೆಣ್ಣು ಕೂಸು. ಮೂಗು ನಿನ್ನದೇ" ಎಂದಳು.

ನೇಯ್ಗೆಯವಳ ಕಣ್ಣು ತುಂಬಿ ಬಂತು. ಆದರೂ ಕೈ ನಿಲ್ಲಿಸಲಿಲ್ಲ.

"ನೀರು ಯಾಕೆ ನಿಲ್ಲಿಸಿದಿರಿ?" ಎಂದಳು ಕುಂಬಾರಗಿತ್ತಿ.

"ಕಟ್ಟೆ ಕುಸಿದಿತ್ತು ಕಣೇ. ಒಂದೇ ದಿನಕ್ಕೆ ಅಂತ ನಿಲ್ಲಿಸಿದ್ದು."

"ಅಷ್ಟೇನಾ?"

ಎರಡು ಬಾಗಿಲುಗಳ ಕಾವಲುಗಾರರೂ ಅದನ್ನು ಕೇಳಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ, "ಆ ವರ್ಷ ದೇವಿಗೆ ಯಾವ ವಸ್ತ್ರ ಉಡಿಸಿದರು? ಜರಿಯದ್ದೋ, ಉಣ್ಣೆಯದ್ದೋ?" ಎಂದು ಕೇಳಿದ.

"ಆ ಅಜ್ಜಿ ಮೊಮ್ಮಗಳನ್ನು ಎತ್ತಿಕೊಂಡಳೇ ಎಂದು ನೀನು ಕೇಳಲಿಲ್ಲವಲ್ಲ" ಎಂದರು ಗುರುಗಳು.