ಹೊಳೆಸಾಲಿನ ದುಬಾರಿ ಹೊತ್ತು

ಕೇಳ್ರಪ್ಪಾ, ಹೊಳೆಸಾಲು ಅಂತ ಒಂದು ರಾಜ್ಯ. ಅಲ್ಲಿನ ರಾಜ ಬೆಟ್ಟದಿಂದ ಧುಮುಕುವ ಅಬ್ಬಿಯ ನೀರಿನಿಂದ ಕರೆಂಟು ತೆಗೆಸಿ ಊರಿಗೆಲ್ಲ ಕೊಟ್ಟಿದ್ದ. ಸಂಜೆಯಾದರೆ ಎಲ್ಲರೂ ಒಟ್ಟಿಗೇ ದೀಪ ಹಾಕೋರು, ಯಂತ್ರ ಓಡಿಸೋರು. ಕರೆಂಟು ಸಾಲುತ್ತಿರಲಿಲ್ಲ.

"ಸಂಜೆ ಯಂತ್ರ ಓಡಿಸಿದರೆ ಮೂರು ಪಟ್ಟು ದರ, ಉಳಿದ ಹೊತ್ತು ಅರ್ಧ ದರ" ಅಂತ ರಾಜ ಡಂಗುರ ಸಾರಿಸಿದ. ಮುಂದೆ ಹೊತ್ತು ಬದಲಿಸುವ ಅಧಿಕಾರವನ್ನು ಮಂತ್ರಿ ಕರಬಸಯ್ಯನಿಗೆ ಕೊಟ್ಟ.

ಊರಲ್ಲಿ ಮೂವರು ಕಸುಬಿನವರಿದ್ದರು. ಐಸ್ ಮಾಡುವ ಬುಡನ್ ಸಾಬ ಬೆಳಿಗ್ಗೆಯೇ ಐಸು ಕಟ್ಟಿಸಿ ಹೊಟ್ಟಿನಲ್ಲಿ ಮುಚ್ಚಿಟ್ಟ. ಹಿಟ್ಟಿನ ಗಿರಣಿಯ ಸಾವಂತ್ರವ್ವ "ಇನ್ನು ಬೆಳಿಗ್ಗೆ ಬರ್ರವ್ವಾ" ಅಂದಳು. ಹೆಂಗಸರು ಅರ್ಧ ದಿನದ ಕೂಲಿ ಬಿಟ್ಟು ಕಾಳು ಹೊತ್ತು ಬಂದರು. ಗಾಜಿನ ಬಳೆ ಮಾಡುವ ಮಲ್ಲಾರಪ್ಪನ ಕರೆಂಟು ಕುಲುಮೆ ಮಾತ್ರ ಆರಿಸುವ ಹಾಗಿರಲಿಲ್ಲ. ಆರಿದರೆ ಗಾಜು ಕರಗಿಸುವ ಮೂಸೆ ಒಡೆಯುತ್ತೆ. ಅವನು ಮೂರು ಪಟ್ಟು ಕಟ್ಟಿದ.

ಸಂಜೆಯ ವಸೂಲಿ ಇಳಿಯಿತು. ಅದರಲ್ಲಿ ಕದ್ದು ಪಾಲು ತಿನ್ನುತ್ತಿದ್ದ ಮಂತ್ರಿಗೆ ಹೊಟ್ಟೆ ಉರಿಯಿತು. ದುಬಾರಿ ಹೊತ್ತನ್ನು ಬೆಳಿಗ್ಗೆಗೂ ಹಾಕಿದ. ಜನ ಮಧ್ಯಾಹ್ನಕ್ಕೆ ಓಡಿದರು. ಮಧ್ಯಾಹ್ನಕ್ಕೂ ಹಾಕಿದ. ಜನ ನಸುಕಿಗೆ ಓಡಿದರು. ನಸುಕಿಗೂ ಹಾಕಿದ. ಅವನದೇ ದೊಡ್ಡ ಎಣ್ಣೆ ಗಾಣ ಮಾತ್ರ, ಯಾರಿಗೂ ಹೇಳದೆ, ಸದಾ ಅರ್ಧ ದರಕ್ಕೇ ಓಡುತ್ತಿತ್ತು.

ಮಲ್ಲಾರಪ್ಪ ಮೂರು ಸಲ ಅರಮನೆಗೆ ಹೋದ. ಮೂರು ಸಲವೂ ಬಾಗಿಲಿನಿಂದಲೇ ಓಡಿಸಿದರು. ದುಡ್ಡು ಕಟ್ಟಲಾಗದೆ ಕರೆಂಟು ಹೋಯಿತು, ಕುಲುಮೆ ಆರಿತು, ಮೂಸೆ ಒಡೆಯಿತು. ಪರವೂರಿಗೆ ಇಟ್ಟಿಗೆ ಹೊರಲು ಹೋದವನು ಆ ಬೇಸಿಗೆಯಲ್ಲೇ ತೀರಿಕೊಂಡ.

ಸಾವಂತ್ರವ್ವ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಮಂತ್ರಿಯ ಹತ್ತಿರ ಹೋದಳು.

"ಬುದ್ಧೀ, ದಿನಾ ಹೊತ್ತು ಬದಲಿಸೋದು ನಿಮಗೂ ತ್ರಾಸು. ಊರಿನ ಕರೆಂಟನ್ನೆಲ್ಲ ಅಳೆಯುವ ಚಾವಡಿಯ ದೊಡ್ಡ ಮೀಟರಿನ ಮುಳ್ಳು ಯಾವ ಹೊತ್ತಲ್ಲಿ ಎಲ್ಲಕ್ಕಿಂತ ಮೇಲೇರುತ್ತೋ ಅದೇ ದುಬಾರಿ ಹೊತ್ತು ಅಂತ ಮಾಡಿಬಿಡಿ. ಯಾರಿಗೂ ವಿನಾಯಿತಿ ಬೇಡ. ನಾವು ಎಲ್ಲಿ ಓಡಿದರೂ ದರ ಬೆನ್ನು ಹತ್ತುತ್ತೆ."

ತನ್ನ ಗಾಣವನ್ನು ಬೇರೆ ಹೊತ್ತಿಗೆ ಓಡಿಸಿಕೊಂಡರಾಯಿತು ಅಂದುಕೊಂಡು ಮಂತ್ರಿ ಹಿಗ್ಗಿ ರಾಜನ ಮುದ್ರೆ ಹಾಕಿಸಿದ.

ಮರುದಿನದಿಂದ ಊರವರು ಸರದಿ ಹಾಕಿಕೊಂಡು, ಹೊತ್ತಿಗೊಬ್ಬರಂತೆ ತಮ್ಮ ಸಣ್ಣ ಯಂತ್ರ ಓಡಿಸಿದರು, ಮುಳ್ಳು ಹೆಚ್ಚು ಏರಲಿಲ್ಲ. ಮಂತ್ರಿಯ ಗಾಣ ತಿರುಗಿತೋ, ಎಲ್ಲರೂ ನಿಲ್ಲಿಸಿಬಿಟ್ಟರು. ಬೆಳಿಗ್ಗೆ ಗಾಣ ಓಡಿತು, ಮುಳ್ಳು ಏರಿತು. ಮಧ್ಯಾಹ್ನ ಓಡಿಸಿದ, ಆಗಲೂ ಏರಿತು. ಸಂಜೆ ಓಡಿಸಿದ, ಏರಿಯೇ ಏರಿತು. ಮೂರು ಪಟ್ಟು ಅವನೊಬ್ಬನಿಗೇ ಬಿತ್ತು.

"ಕಾಯಿದೆ ರದ್ದುಮಾಡಿ ಮಹಾಸ್ವಾಮಿ!" ಅಂತ ರಾಜನ ಕಾಲಿಗೆ ಬಿದ್ದ.

"ನೀನೇ ಬೇಕು ಅಂದೆಯಲ್ಲ, ಈಗ್ಯಾಕೆ ಬೇಡ?" ಅಂತ ರಾಜ ವಿಚಾರಣೆ ಮಾಡಿಸಿದ. ಕಳ್ಳತನವೆಲ್ಲ ಹೊರಬಿತ್ತು. ಗಾಣ ಮುಟ್ಟುಗೋಲಾಯಿತು, ಮಂತ್ರಿ ಗಡೀಪಾರಾದ.

"ಜಾಣೆ ಕಣಮ್ಮ ನೀನು. ಏನು ಬೇಕು ಕೇಳು" ಅಂದ ರಾಜ.

"ಮಲ್ಲಾರಪ್ಪ ಬೇಕು. ಕೊಡ್ತೀರಾ?" ಅಂದಳು ಸಾವಂತ್ರವ್ವ.

ನೀತಿ ಇಷ್ಟೇ ಮಕ್ಕಳಾ: ಕಳ್ಳ ತಾನೇ ಮಾಡಿದ ಕಾಯಿದೆಗೆ ಸಿಕ್ಕಿಬೀಳಬಹುದು. ಆದರೆ ದರ ಗೊತ್ತುಮಾಡುವವನು, ಹೊತ್ತು ಬದಲಿಸಲಾಗದವನ ಕಷ್ಟವನ್ನು ಮೊದಲೇ ಕೇಳಬೇಕು. ಅವನು ಸತ್ತ ಮೇಲೆ ಮಾಡಿದ ನ್ಯಾಯ ಅವನಿಗೆ ಮುಟ್ಟುವುದಿಲ್ಲ.